ಮರಳಿ ಬಂದ ತೋಳಗಳು ಮತ್ತು ಹಿಂಡಿನ ಟಗರು

(ಕುರಿ ಸಾಕಣೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಕುರಿ ಸಾಕುವವರ ಮುಂದೆ ನಿಂತು ತೋಳದ ಮಾತೆತ್ತುವುದು ಜಾಣತನವಲ್ಲವೆಂದು ನನಗೆ ಗೊತ್ತು. ಆದರೆ ಹಿಂಡಿನ ಟಗರನ್ನು ಏಕೆ ಬದಲಾಯಿಸಬೇಕೆಂಬ ಪ್ರಶ್ನೆಗೆ ಸ್ವೀಡನ್ ದೇಶದ ತೋಳಗಳು ಕೊಟ್ಟಷ್ಟು ಸ್ಪಷ್ಟವಾದ ಉತ್ತರವನ್ನು ನಾನು ಬೇರೆಲ್ಲೂ ಕಂಡಿಲ್ಲ.

ನಮ್ಮಲ್ಲಿ ಅನೇಕರು ಒಂದೇ ಟಗರನ್ನು ನಾಲ್ಕೈದು ವರ್ಷ ಇಟ್ಟುಕೊಳ್ಳುತ್ತಾರೆ. ಮಗಳಿಗೂ ಅದೇ ಟಗರು, ಮೊಮ್ಮಗಳಿಗೂ ಅದೇ. ಮರಿಗಳು ಸೊರಗಿದರೆ ಮೇವು ಸಾಲದು, ದೃಷ್ಟಿ ತಾಗಿತು ಎನ್ನುತ್ತೇವೆ. ಪ್ರತಿಯೊಂದು ಪ್ರಾಣಿಯಲ್ಲಿಯೂ ಕೆಲವು ಕೆಟ್ಟ ವಂಶವಾಹಿಗಳು ಅಡಗಿರುತ್ತವೆ. ವಂಶವಾಹಿಗಳು ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಜೋಡಿಯಾಗಿ ಬರುವುದರಿಂದ, ಒಂದು ಕೆಟ್ಟಿದ್ದರೆ ಸಾಮಾನ್ಯವಾಗಿ ಇನ್ನೊಂದು ಕೆಲಸ ನಡೆಸಿಕೊಂಡು ಹೋಗುತ್ತದೆ. ತಂದೆತಾಯಿಗಳು ಹತ್ತಿರದ ರಕ್ತಸಂಬಂಧಿಗಳಾದರೆ ಎರಡೂ ಕೆಟ್ಟವೇ ಬರುವ ಸಂಭವ ಹೆಚ್ಚು.

ಸ್ವೀಡನ್ನಿನಲ್ಲಿ 1966ರಲ್ಲಿ ತೋಳದ ಬೇಟೆಯನ್ನು ನಿಷೇಧಿಸುವ ಹೊತ್ತಿಗೆ ಅಲ್ಲಿ ತೋಳಗಳು ಹೆಚ್ಚುಕಡಿಮೆ ನಿರ್ನಾಮವಾಗಿದ್ದವು. 1983ರಲ್ಲಿ, ನಾರ್ವೆಯ ಗಡಿಗೆ ತಾಗಿದ ವರ್ಮ್‌ಲ್ಯಾಂಡ್ ಕಾಡಿನಲ್ಲಿ ಒಂದು ಜೋಡಿ ಮರಿ ಹಾಕಿತು. ಫಿನ್‌ಲೆಂಡ್ ಮತ್ತು ರಷ್ಯದಲ್ಲಿರುವ ತೋಳಗಳ ನೆಲೆ ಅಲ್ಲಿಗೆ 900 ಕಿಲೋಮೀಟರಿಗೂ ದೂರ. ಮುಂದಿನ ಏಳೆಂಟು ವರ್ಷ ಆ ಒಂದೇ ಹಿಂಡು, ಹತ್ತರ ಸುಮಾರಿಗಿಂತ ಮೇಲೇರಲಿಲ್ಲ. ಬೇಟೆಗೆ ಕಡವೆಯಂತಹ ದೊಡ್ಡ ಮೃಗಗಳು ಬೇಕಾದಷ್ಟಿದ್ದವು, ಕಾಡೂ ಇತ್ತು. ಇಲ್ಲದಿದ್ದದ್ದು ಹೊರಗಿನ ರಕ್ತ.

1991ರ ಸುಮಾರಿಗೆ ಪೂರ್ವದಿಂದ ಒಂದೇ ಒಂದು ಗಂಡು ತೋಳ ಬಂದು ಸೇರಿತು. ಅಲ್ಲಿಂದಾಚೆಗೆ ಹಿಂಡುಗಳು ಒಡೆದು ಹೆಚ್ಚಿದವು. ಸುಮಾರು ಹತ್ತು ವರ್ಷದಲ್ಲಿ ಸಂಖ್ಯೆ ನೂರರ ಸಮೀಪ ಬಂತು. ಒಂದು ಗಂಡು!

ಇದೆಲ್ಲ ಹೇಗೆ ಗೊತ್ತಾಯಿತೆಂದು ಕೇಳಬಹುದು. ಚಳಿಗಾಲದಲ್ಲಿ ಹಿಮದ ಮೇಲಿನ ಹೆಜ್ಜೆ ಹಿಡಿದು ಹೋಗಿ, ಬಿದ್ದ ಹಿಕ್ಕೆಯನ್ನೂ ರಕ್ತದ ಹನಿಗಳನ್ನೂ ಸಂಗ್ರಹಿಸಿ, ಅವುಗಳ ಡಿಎನ್‌ಎ ಪರೀಕ್ಷಿಸಿ ವಂಶಾವಳಿಯನ್ನೇ ಬರೆದಿದ್ದಾರೆ. ನಮ್ಮ ಸಾಕುಪ್ರಾಣಿಗಳಿಗೆ ಅಂತಹ ದಾಖಲೆ ಇಟ್ಟವರು ಎಷ್ಟು ಜನ?

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಇದ್ದ ತೋಳಗಳೆಲ್ಲ ಆ ಮೂರರ ಸಂತತಿಯೇ ಆದ್ದರಿಂದ ಮತ್ತೆ ಸಂಬಂಧದೊಳಗೇ ಕೂಡಿಕೆ ನಡೆಯಿತು. ಅಣ್ಣತಂಗಿ ಕೂಡಿ ಹುಟ್ಟಿದ ಮರಿಯಲ್ಲಿ ರಕ್ತಸಂಬಂಧದ ಅಳತೆ 0.25 ಎಂದು ಲೆಕ್ಕ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೆಲವು ತೋಳಗಳಲ್ಲಿ ಅದು 0.41ರವರೆಗೆ ಏರಿತ್ತು. ಅಳತೆ ಏರಿದಂತೆಲ್ಲ ಮೊದಲ ಚಳಿಗಾಲದವರೆಗೆ ಬದುಕುವ ಮರಿಗಳು ಕಡಿಮೆಯಾದವು. ಕೆಲವು ತೋಳಗಳ ಬೆನ್ನುಮೂಳೆಯಲ್ಲಿ ಹುಟ್ಟುದೋಷ ಕಂಡಿತು. ಸಂಖ್ಯೆ ಏರುತ್ತಿದ್ದಾಗಲೇ ಇದೆಲ್ಲ ನಡೆಯುತ್ತಿತ್ತೆಂಬುದನ್ನು ಗಮನಿಸಬೇಕು. ಲೆಕ್ಕದಲ್ಲಿ ತಲೆ ಹೆಚ್ಚಿದರೆ ಹಿಂಡು ಗಟ್ಟಿಯಾಯಿತೆಂದಲ್ಲ.

ಹೊಸ ರಕ್ತ ತಾನಾಗಿ ಬರಲಿ ಎನ್ನೋಣವೆಂದರೆ, ಪೂರ್ವದಿಂದ ಬರುವ ತೋಳ ಉತ್ತರದ ಸಾಮಿ ಜನರ ನಾಡನ್ನು ದಾಟಬೇಕು. ಅವರ ಜೀವನಾಧಾರ ಬಯಲಿನಲ್ಲಿ ಬಿಡಾಡಿಯಾಗಿ ಮೇಯುವ ಹಿಮಸಾರಂಗಗಳು. ತೋಳ ನುಗ್ಗಿದರೆ ಹಿಂಡು ದಿಕ್ಕಾಪಾಲು. ಆದ್ದರಿಂದ ಅಲ್ಲಿ ತೋಳ ನೆಲೆಸಲು ಬಿಡುವುದಿಲ್ಲ. ಅನುಮತಿ ಪಡೆದು ಹೊಡೆಯುವುದೂ ಉಂಟು. ಆ ಸಾಕಣೆಗಾರನದು ತಪ್ಪೆಂದು ನಾನಂತೂ ಹೇಳಲಾರೆ. ರಾತ್ರಿ ಹಟ್ಟಿ ಕಾದವರಿಗೆ ಅದರ ಕಷ್ಟ ಗೊತ್ತು. ಆದರೂ ತೆಂಕಣ ಕಾಡಿನ ತೋಳಗಳ ಆರೋಗ್ಯ ಆ ಬಡಗಣ ಬಯಲಿನಲ್ಲೇ ತೀರ್ಮಾನವಾಗುತ್ತದೆ.

2008ರಲ್ಲಿ ಹೊರಗಿನಿಂದ ಬಂದ ಇನ್ನೆರಡು ಗಂಡುಗಳ ಸಂತತಿ ಸೇರಿತು. ಹೊರಗಿನವುಗಳಿಗೆ ಹುಟ್ಟಿದ ಮರಿಗಳು ಬೆಳೆದು ಜೋಡಿ ಕಟ್ಟುವುದರಲ್ಲಿ ಹಳೆಯ ಸಂತತಿಯ ಮರಿಗಳನ್ನು ಮೀರಿಸಿದವು. 2013ರಲ್ಲಿ ಹಿಮಸಾರಂಗದ ನಾಡಿಗೆ ಬಂದಿದ್ದ ಒಂದು ಜೋಡಿಯನ್ನು ಅಧಿಕಾರಿಗಳು ಹಿಡಿದು, ದಕ್ಷಿಣದ ಟೀವೆಡನ್ ಕಾಡಿಗೆ ಸಾಗಿಸಿ ಬಿಟ್ಟರು. ಆ ವರ್ಷವೇ ಅವು ಮರಿ ಹಾಕಿದವು.

ಇನ್ನು ನಿಮ್ಮ ಟಗರುಗಳ ವಿಷಯಕ್ಕೆ ಬರೋಣ. ಯಾರ ಹಿಂಡಿನ ಟಗರು ಎಷ್ಟು ವರ್ಷದ್ದೆಂದು ಒಬ್ಬೊಬ್ಬರಾಗಿ ಹೇಳಿ; ಪಕ್ಕದ ಊರಿನವರೊಡನೆ ಅದಲುಬದಲು ಮಾಡಿಕೊಳ್ಳಲು ಇಲ್ಲಿಯೇ ಪಟ್ಟಿ ಬರೆದುಕೊಳ್ಳುತ್ತೇನೆ.