ಜಡೆ, ಹೆರಳು, ತುರುಬು, ಜುಟ್ಟು
(ಬೆಳ್ಳಿಹಬ್ಬದ ಎರಡನೆಯ ದಿನ ಮಾಡಿದ ಭಾಷಣದ ಬರಹರೂಪ)



ಸಹಕಾರ ತತ್ವದ ಬಗ್ಗೆ ನಿನ್ನೆಯಿಂದ ಮೂರು ಜನ ಮಾತಾಡಿದ್ದಾರೆ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದ ಸಂಗತಿಯನ್ನು ಮೂವರೂ ಹೇಳಿದರು. ನಾವು ನಾಲ್ಕನೇ ಸಲ ಹೇಳಿದರೆ ನೀವು ಎದ್ದು ಹೋಗ್ತೀರಿ. ಅದಕ್ಕೇ ಬೇರೆ ವಿಷಯ ಹಿಡಿದಿದ್ದೇವೆ, ತಲೆಗೂದಲು. ನಗಬೇಡಿ. ಸರ್ಕಾರಿ ಮೇಷ್ಟ್ರ ಕೆಲಸ ನಮ್ಮನ್ನು ಮೊದಲು ಸವದತ್ತಿ ಕಡೆಗೆ, ಆಮೇಲೆ ಕುಂದಾಪುರದ ಕಡೆಗೆ ಓಡಿಸಿ, ಕೊನೆಗೆ ನಮ್ಮದೇ ತುಮಕೂರು ಸೀಮೆಗೆ ತಂದು ಬಿಟ್ಟಿತು. ಮೂರೂ ಕಡೆ ಕನ್ನಡವೇ. ಆದರೆ ತಲೆ ಬಾಚಿಕೊಳ್ಳೋದಕ್ಕೆ ಮೂರು ಕಡೆ ಮೂರು ಮಾತು.

ನಾವು ಇಲ್ಲಿ ತಲೆ ಬಾಚ್ತೀವಿ, ಬಾಚಣಿಗೆ ಇಟ್ಕೊಳ್ತೀವಿ. ಬೆಳಗಾವಿ, ಧಾರವಾಡದ ಕಡೆ ‘ತಲಿ ಹಿಕ್ಕೊಂಡು ಬಾ’ ಅಂತಾರೆ. ಬಾಚಣಿಗೆ ಅಲ್ಲಿ ಹಣಿಗೆ. ಈ ಹಿಕ್ಕೋದು ಅನ್ನೋ ಮಾತು ನಮ್ಮ ಕಡೆಯವರ ಕಿವಿಗೆ ಬಿದ್ದರೆ ಮೇಕೆ ಹಿಕ್ಕೆ ನೆನಪಾಗಿ ನಗು ಬರುತ್ತೆ. ಅವರಿಗೆ ಅದರಲ್ಲಿ ನಗೋದೇನೂ ಇಲ್ಲ. ಕರಾವಳಿಗೆ ಇಳಿದರೆ ತಲೆಯೇ ಹೋಗಿ ಮಂಡೆ ಆಗುತ್ತೆ. ಮಂಡೆ ಬಾಚೋದು, ಮಂಡೆಗೆ ಮೀಯೋದು, ಯೋಚನೆ ಹೆಚ್ಚಾದರೆ ಮಂಡೆ ಬಿಸಿ. ತುಳು ಮನೆಗಳಲ್ಲಿ ಕೂದಲಿಗೆ ಕೂಜಲು. ಬೈತಲೆ ಒಂದು ಮಾತ್ರ ಹೆಚ್ಚುಕಡಿಮೆ ಎಲ್ಲ ಕಡೆಯೂ ಬೈತಲೆಯಾಗೇ ಉಳಿದಿದೆ. ನಟ್ಟನಡುವೆ ಗೆರೆ ಎಳೆಯೋದರಲ್ಲಿ ಕನ್ನಡಿಗರಿಗೆ ಭಿನ್ನಾಭಿಪ್ರಾಯ ಇದ್ದ ಹಾಗೆ ಕಾಣೋದಿಲ್ಲ.

ಮುಡಿ ಅನ್ನೋದು ಹಳೇ ಮಾತು. ರನ್ನನ ಗದಾಯುದ್ಧದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಮತ್ತೆ ಕಟ್ಟಬೇಕು ಅನ್ನೋದೇ ಭೀಮನ ಹಟ. ಈಗ ನಮ್ಮ ಕಡೆ ಮುಡಿ ಅಂದ ತಕ್ಷಣ ಹೂ ಮುಡಿಯೋದು ನೆನಪಾಗುತ್ತೆ, ಇಲ್ಲವೇ ದೇವರಿಗೆ ಮುಡಿ ಕೊಡೋದು. ತಿರುಪತಿಗೋ, ನಂಜನಗೂಡಿಗೋ, ಮಾದಪ್ಪನ ಬೆಟ್ಟಕ್ಕೋ ಹೋಗಿ ಕೊಡ್ತೀವಿ. ಮಗುವಿನ ಮೊದಲ ಕೂದಲು ತೆಗೆಸೋದನ್ನು ಉತ್ತರದ ಕಡೆ ಜಾವಳ ಅಂತಾರೆ, ವೈದಿಕರ ಮನೆಯಲ್ಲಿ ಚೌಲ ಅಂತಾರೆ. ನಮ್ಮ ಹುಡುಗರು ಎಲ್ಲಕ್ಕೂ ಸೇರಿಸಿ ‘ಗುಂಡು ಹೊಡೆಸ್ಕೊಂಡ’ ಅಂದುಬಿಡ್ತಾರೆ. ಗುಂಡು ಹಾಕೋದು ಬೇರೆ, ಹೊಡೆಸೋದು ಬೇರೆ. ಸಂಘದ ಸಾಲ ತಗೊಂಡೋರು ಇದರಲ್ಲಿ ಎರಡನೆಯದನ್ನು ಮಾತ್ರ ಮಾಡಿದರೆ ಕಾರ್ಯದರ್ಶಿಗಳು ನೆಮ್ಮದಿಯಾಗಿರ್ತಾರೆ. ಕರಾವಳಿಯಲ್ಲಿ ಮುಡಿಗೆ ಇನ್ನೂ ಒಂದು ಅರ್ಥ ಇದೆ. ಅಕ್ಕಿಯನ್ನು ಒಣಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು ಗುಂಡಗೆ ಕಟ್ಟಿ ಇಡುವುದಕ್ಕೆ ಅಕ್ಕಿ ಮುಡಿ ಅಂತಾರೆ. ಗೇಣಿ ಲೆಕ್ಕವೆಲ್ಲ ಅಲ್ಲಿ ಮುಡಿ ಲೆಕ್ಕದಲ್ಲೇ ನಡೀತಿತ್ತು. ಅಟ್ಟದ ಮೇಲೆ ಕೂತ ಆ ಮುಡಿ ನೋಡಿದರೆ ಅಜ್ಜಿಯ ತುರುಬು ನೋಡಿದ ಹಾಗೇ ಇರುತ್ತೆ.

ಗಂಟೂ ಹಾಗೇ. ನಮ್ಮ ಹೆಂಗಸರು ತಲೆ ನೀರು ಹಾಕ್ಕೊಂಡು ಅವಸರಕ್ಕೆ ಹಾಕೋದು ಗಂಟು, ಹದವಾಗಿ ಸುತ್ತಿ ಹೂವಿಟ್ಟರೆ ತುರುಬು. ನಮ್ಮ ಸಂಘದ ಲೆಕ್ಕದ ಪುಸ್ತಕದಲ್ಲೂ ಗಂಟು ಇದೆ, ಬಡ್ಡಿ ಹುಟ್ಟೋದು ಅದರಿಂದಲೇ. ಜುಟ್ಟಿನ ಮಾತಂತೂ ಹೇಳಬೇಕಾದ್ದೇ ಇಲ್ಲ. ‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಅನ್ನೋ ಗಾದೆ ಸಾಲದ ಅರ್ಜಿ ಪರಿಶೀಲಿಸುವವರೆಲ್ಲ ತಿಳಿದಿರಬೇಕಾದ್ದು. ಇನ್ನು ‘ಅವನ ಜುಟ್ಟು ಸಾಹುಕಾರನ ಕೈಲಿದೆ’ ಅನ್ನೋ ಮಾತು. ಈ ಸಂಘ ಶುರುವಾಗೋ ಮುಂಚೆ ಈ ಊರಿನಲ್ಲಿ ಎಷ್ಟು ಜುಟ್ಟು ಯಾರ ಕೈಲಿತ್ತು ಅಂತ ಇಲ್ಲಿ ಕೂತಿರೋ ಹಿರಿಯರಿಗೆ ಗೊತ್ತು.

ಗಂಡಸರ ಜುಟ್ಟು ಈಗ ಪುರೋಹಿತರಲ್ಲಿ, ಮಠಗಳಲ್ಲಿ ಮಾತ್ರ ಉಳಿದಿದೆ. ಸಂಸ್ಕೃತದವರು ಶಿಖೆ ಅಂದರು, ಚಂಡಿಕೆ ಅನ್ನೋರೂ ಇದ್ದಾರೆ, ಗಡಿ ದಾಟಿ ಮರಾಠಿಗೆ ಹೋದರೆ ಶೆಂಡಿ. ಇಂಗ್ಲಿಷ್ ಶಾಲೆಯ ಕಾಲಕ್ಕೆ ಜುಟ್ಟು ಹೋಗಿ ಕ್ರಾಪು ಬಂತು. ಕ್ರಾಪು ಬಿಟ್ಟ ಮಗನನ್ನು ಮನೆಯೊಳಗೆ ಸೇರಿಸದ ಅಪ್ಪಂದಿರಿದ್ದರು ಅಂತ ನಮ್ಮ ತಾತ ಹೇಳ್ತಿದ್ದರು. ಆಮೇಲೆ ಹಿಪ್ಪಿ ಬಂತು, ಸ್ಟೆಪ್ ಕಟಿಂಗ್ ಬಂತು. ಈಗ ಹುಡುಗರು ಮೊಬೈಲಿನಲ್ಲಿ ಚಿತ್ರ ತೋರಿಸಿ ‘ಹಿಂಗೆ ಹೊಡಿ’ ಅಂತಾರೆ. ಹೆಸರೇ ಬೇಕಾಗಿಲ್ಲ.

ಹೂವಿನ ವಿಷಯ ಬಂದರೆ ಅಳತೆಯೂ ಬೇರೆ. ನಮ್ಮಲ್ಲಿ ಮೊಳ, ಮಾರು. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಗೆ ಚೆಂಡು, ಅಟ್ಟೆ. ನಾಲ್ಕು ಚೆಂಡಾದರೆ ಒಂದು ಅಟ್ಟೆ. ಮೈಸೂರು ಮಲ್ಲಿಗೆ, ಹಡಗಲಿ ಮಲ್ಲಿಗೆ, ಉಡುಪಿ ಮಲ್ಲಿಗೆ ಮೂರಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೇಸಗೆಯಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹಾಕಿಸಿ, ಬೆನ್ನ ಹಿಂದೆ ಕನ್ನಡಿ ಇಟ್ಟು ಫೋಟೋ ತೆಗೆಸೋದು ಹಳೇ ಮೈಸೂರಿನವರ ದೊಡ್ಡ ಸಂಭ್ರಮ. ಆ ಜಡೆಗೆ ಚೌರಿ ಬೇಕು, ಕುಚ್ಚು ಬೇಕು, ಇದ್ದವರಿಗೆ ಜಡೆಬಿಲ್ಲೆ, ನಾಗರ. ಮೂರು ಗಂಟೆ ಅಲುಗಾಡದೆ ಕೂತಿರಬೇಕಾದ ಮಗುವಿಗೆ ಮಾತ್ರ ಅದು ಸಂಭ್ರಮವೋ ಶಿಕ್ಷೆಯೋ, ಇಲ್ಲಿರುವ ತಾಯಂದಿರೇ ಹೇಳಬೇಕು.

ಇಷ್ಟು ಹೊತ್ತು ಜಡೆ ಜಡೆ ಅಂತ ಹೇಳಿದೆವು. ಆದರೆ ಸವದತ್ತಿ ಸೀಮೆಯಲ್ಲಿ ನಾವು ಆ ಮಾತನ್ನು ಹಗುರವಾಗಿ ಆಡೋ ಹಾಗಿರಲಿಲ್ಲ. ಅಲ್ಲಿ ಹೆಣ್ಣುಮಕ್ಕಳು ಹಾಕಿಕೊಳ್ಳೋದು ಹೆರಳು. ಬಾಯಲ್ಲಿ ಹೆಳಲು ಅಂತಲೂ ಬರುತ್ತೆ. ಜಡೆ ಅಂದರೆ ಬೇರೆ. ಕೂದಲು ಒಂದಕ್ಕೊಂದು ಅಂಟಿ, ಹಗ್ಗದ ಹಾಗೆ ಗಟ್ಟಿಯಾಗಿ, ಹಣಿಗೆ ಆಡದ ಹಾಗೆ ಆಗುತ್ತಲ್ಲ, ಅದು ಜಡೆ. ಸಂಸ್ಕೃತದ ಜಟೆಯೇ ಕನ್ನಡದ ಜಡೆ, ಹಾಗಾಗಿ ಮೂಲದ ಅರ್ಥ ಅವರ ಹತ್ತಿರವೇ ಉಳಿದಿದೆ ಅನ್ನಬೇಕು. ನಾವು ಅದನ್ನು ಹೆಣೆದ ಕೂದಲಿಗೆ ಇಟ್ಟುಕೊಂಡಿದ್ದೇವೆ. ಒಂದೇ ಮಾತು, ಇಲ್ಲಿ ಹುಡುಗಿಗೆ ಅಲಂಕಾರ. ಅಲ್ಲಿ ಅದು ಮನೆಗೆ ಬಂದರೆ ಎಲ್ಲಮ್ಮ ಬಂದಳು ಅಂತ ಅರ್ಥ.

ಎಲ್ಲಮ್ಮ ಬಂದಳು ಅಂದರೆ ಏನಾಗ್ತಿತ್ತು ಅನ್ನೋದು ಗೊತ್ತಿರಲಿ. ಜಡೆಗೆ ಭಂಡಾರ ಹಚ್ಚಿ ಪೂಜೆ ಮಾಡ್ತಿದ್ದರು. ಅದನ್ನು ಬಿಡಿಸೋ ಹಾಗಿಲ್ಲ, ಕತ್ತರಿ ಇಡೋ ಹಾಗಂತೂ ಇಲ್ಲವೇ ಇಲ್ಲ. ದೇವಿ ಕರೀತಿದ್ದಾಳೆ ಅಂತ ಎಷ್ಟೋ ಬಡವರ ಮನೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯಾಗಿ ಬಿಟ್ಟರು. ಬಹಳ ಮಟ್ಟಿಗೆ ಅವರು ದಲಿತರ ಮನೆಯ ಮಕ್ಕಳು. ಹೀಗೆ ಬಿಡೋದನ್ನು ನಿಷೇಧಿಸಿ ಕರ್ನಾಟಕದಲ್ಲಿ 1982ರಲ್ಲೇ ಕಾನೂನು ಮಾಡಿದರು. ಸುಧಾರಣೆಗೆ ಹೊರಟವರು ಊರೂರಿಗೆ ಹೋಗಿ ಜಡೆ ಕತ್ತರಿಸಿದರು. ಕತ್ತರಿಸಿಕೊಂಡ ಹೆಂಗಸರಿಗೆ ಅದು ಬಿಡುಗಡೆಯೂ ಹೌದು, ಭಯವೂ ಹೌದು.

ನಮ್ಮ ಶಾಲೆಯ ಆರನೇ ತರಗತಿಯ ಒಬ್ಬ ಹುಡುಗಿ ಜ್ವರ ಬಂದು ಒಂದೂವರೆ ತಿಂಗಳು ಮಲಗಿದ್ದಳು. ಎಣ್ಣೆ ನೀರು ಕಾಣದ ತಲೆ, ಬೆವರು, ಹೇನು. ಎದ್ದಾಗ ಹಿಂದಲೆಯ ಕೂದಲೆಲ್ಲ ಮುದ್ದೆಗಟ್ಟಿತ್ತು. ಅಜ್ಜಿ ನೋಡಿ ಕೈ ಮುಗಿದಳು. ಹುಡುಗಿ ಶಾಲೆಗೆ ಬರೋದು ನಿಂತಿತು. ಅಲ್ಲಿ ಶಿಕ್ಷಕಿಯರಿಗೆ ಅಕ್ಕೋರು ಅಂತಾರೆ. ನಮ್ಮ ಶಾಲೆಯ ಅಕ್ಕೋರು ಒಬ್ಬರು ಅವರ ಮನೆಗೆ ಹೋಗಿ ಕೂತರು. ವಾದ ಮಾಡಲಿಲ್ಲ. ‘ಯವ್ವಾ, ದೇವಿ ಬಂದಿದ್ರ ಎಣ್ಣಿಗೆ ಹೋಗೂದಿಲ್ಲ, ಹೇನಿನ ಗಂಟಾದ್ರ ಬಿಚ್ಚತೈತಿ, ನೋಡೂಣು’ ಅಂದರು. ನಾಲ್ಕು ದಿನ ಸಂಜೆ ಹೊತ್ತು ಕೊಬ್ಬರಿ ಎಣ್ಣೆ ಸುರಿದು, ಬೆರಳಿನಲ್ಲಿ ಎಳೆ ಎಳೆ ಬಿಡಿಸಿದರು. ಅರ್ಧ ಬಿಚ್ಚಿತು. ಉಳಿದರ್ಧಕ್ಕೆ ಅಜ್ಜಿಯೇ ಕತ್ತರಿ ತಂದುಕೊಟ್ಟಳು. ಮುಂದಿನ ವಾರ ಹುಡುಗಿ ಶಾಲೆಗೆ ಬಂದಳು. ಎರಡು ಹೆರಳು ಹಾಕೋದಕ್ಕೆ ಕೂದಲು ಸಾಲದೆ ರಿಬ್ಬನ್ನೇ ಹೆಚ್ಚಾಗಿ ಕಾಣ್ತಿತ್ತು.

‘ಎರಡು ಜಡೆ ಒಂದು ಕಡೆ ಸೇರೋಲ್ಲ’ ಅನ್ನೋ ಗಾದೆ ಕಟ್ಟಿದವನು ಈ ಅಕ್ಕೋರನ್ನು ನೋಡಿರಲಿಲ್ಲ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಇಪ್ಪತ್ತು ಜಡೆ ಒಂದೇ ಚಾಪೆ ಮೇಲೆ ಕೂತು ಲೆಕ್ಕ ಬರೆಯೋದನ್ನು ನಾವೆಲ್ಲ ನೋಡಿದ್ದೇವೆ. ನಮ್ಮ ಸಂಘದಲ್ಲಿ ಕಂತು ತಪ್ಪಿದವರ ಪಟ್ಟಿ ಓದಿದಾಗ ಕೇಳಿ ಬರೋ ಹೆಸರುಗಳು ಯಾರವು ಅಂತ ಗಂಡಸರು ಸ್ವಲ್ಪ ಯೋಚಿಸಿ.

ಇನ್ನೊಂದು ಮಾತಿದೆ. ಬೋಳು ಅನ್ನೋದರಿಂದ ಹುಟ್ಟಿದ ಒಂದು ಬೈಗುಳ ಈ ಊರಿನ ಗಂಡಸರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುತ್ತೆ. ಎತ್ತಿಗೂ ಅದೇ, ಟ್ರ್ಯಾಕ್ಟರ್ ಕೆಟ್ಟರೂ ಅದೇ. ವೇದಿಕೆ ಮೇಲೆ ಅದನ್ನು ಹೇಳೋದಿಲ್ಲ, ನಿಮಗೆಲ್ಲ ಗೊತ್ತು. ಗಂಡ ಸತ್ತ ಹೆಂಗಸಿನ ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸ್ತಿದ್ದ ಕಾಲದ ಮಾತು ಅದು. ಮುಖ್ಯವಾಗಿ ಬ್ರಾಹ್ಮಣ ಮನೆಗಳಲ್ಲಿ ಇದ್ದ ಪದ್ಧತಿ. ಎಂ. ಕೆ. ಇಂದಿರಾ ಅವರ ಫಣಿಯಮ್ಮ 1976ರಲ್ಲಿ ಬಂತು, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಓದದವರು ನಮ್ಮ ಊರಿನ ಗ್ರಂಥಾಲಯದಲ್ಲಿ ಕೇಳಿ. ಪದ್ಧತಿ ಹೋಯಿತು, ಬೈಗುಳ ಮಾತ್ರ ಜಾತಿಭೇದವಿಲ್ಲದೆ ಎಲ್ಲರ ಬಾಯಿಗೂ ಬಂತು.

ಕೂದಲಿನ ಹೆಸರಾಯಿತು. ಕೂದಲು ಕತ್ತರಿಸೋರ ಹೆಸರಿನ ಕಥೆ ಇನ್ನೂ ಕಷ್ಟದ್ದು. ಅರಬ್ಬಿಯಲ್ಲಿ ಹಜ್ಜಾಮ ಅಂದರೆ ಮೈಯಿಂದ ಕೆಟ್ಟ ರಕ್ತ ತೆಗೆಯೋ ವೈದ್ಯಗಾರ. ಆ ಮಾತು ನಮ್ಮಲ್ಲಿಗೆ ಬಂದು ಬೈಗುಳ ಆಗಿ ಕೂತಿದೆ, ಮರ್ಯಾದಸ್ಥರು ಅದನ್ನು ಆಡಬಾರದು. ಉತ್ತರದ ಕಡೆ ಹಡಪದವರು. ಕಲ್ಯಾಣದಲ್ಲಿ ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರೂ, ಅವರ ಹೆಂಡತಿ ಲಿಂಗಮ್ಮನವರೂ ವಚನ ಬರೆದವರು. ಕರಾವಳಿಯಲ್ಲಿ ಭಂಡಾರಿಗಳು. ಈಗ ಎಲ್ಲ ಸೇರಿ ಸವಿತಾ ಸಮಾಜ. ನಮ್ಮ ಸೀಮೆಯಲ್ಲಿ ಮದುವೆಗೆ ವಾಲಗ ಊದೋರೂ ಅವರೇ. ಅವರು ಊದದೆ ತಾಳಿ ಕಟ್ಟೋ ಹಾಗಿಲ್ಲ, ಆದರೆ ಬೆಳಗ್ಗೆ ಎದ್ದು ಅವರ ಮುಖ ನೋಡಬಾರದು ಅನ್ನೋ ಜನ ನಾವು. ವರ್ಷವಿಡೀ ಊರವರ ತಲೆ ಕೆರೆದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯ ಅಂತ ನಾಲ್ಕು ಮೊರ ರಾಗಿ ಈಸಿಕೊಂಡು ಹೋಗಬೇಕಿತ್ತು.

ಅವರನ್ನು ಹೀಗೆ ಇಟ್ಟ ಊರೇ ಅವರ ಕೈಯಿಂದ ಇನ್ನೊಂದು ಕೆಲಸ ಮಾಡಿಸಿತು. ಕಾಲೋನಿಯವರ ತಲೆ ಮುಟ್ಟಬೇಡ ಅಂತ ಅಪ್ಪಣೆ ಮಾಡಿತು. ಮುಟ್ಟಿದರೆ ಉಳಿದವರು ಅವನ ಹತ್ತಿರ ಹೋಗೋದಿಲ್ಲ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ, ಆದರೆ ನಮ್ಮೂರಿನ ಕಥೆಯೂ ಹೌದು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿ, 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನು ಬಂದು, 1989ರಲ್ಲಿ ದೌರ್ಜನ್ಯ ತಡೆ ಕಾಯಿದೆ ಬಂದ ಮೇಲೂ ಕಾಲೋನಿಯ ಹುಡುಗರು ತಲೆ ಕಟಿಂಗಿಗೆ ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಿ ಬರ್ತಿದ್ದರು. ಕೂಲಿ ಒಂದು ದಿನದ್ದು ಹೋಯಿತು, ಬಸ್ ಚಾರ್ಜು ಬೇರೆ. ಯಾರೂ ಗಲಾಟೆ ಮಾಡಲಿಲ್ಲ, ಹಾಗಾಗಿ ಎಲ್ಲ ಸರಿಯಾಗಿದೆ ಅಂತ ನಾವೆಲ್ಲ ಅಂದುಕೊಂಡೆವು.

ಈಗ ಸಂಘದ ಹೊಸ ಕಟ್ಟಡದಲ್ಲಿ ನಾಲ್ಕು ಮಳಿಗೆ ಆಗಿವೆ. ಒಂದಕ್ಕೆ ನಮ್ಮೂರಿನ ಸವಿತಾ ಸಮಾಜದ ಹುಡುಗ ಅರ್ಜಿ ಹಾಕಿದ್ದಾನೆ. ಬೆಂಗಳೂರಿನಲ್ಲಿ ಕೆಲಸ ಕಲಿತು ಬಂದವನು, ಎರಡು ಕುರ್ಚಿಯ ಅಂಗಡಿ ಇಡೋ ಯೋಚನೆ. ಕುರ್ಚಿ, ಕನ್ನಡಿಗೆ ಸಾಲವನ್ನೂ ಕೇಳಿದ್ದಾನೆ. ‘ಕೊಡೋಣ, ಆದರೆ ಗಿರಾಕಿ ವಿಷಯ ಅವನಿಗೇ ಬಿಡೋಣ, ಸಂಘ ಯಾಕೆ ತಲೆ ಹಾಕಬೇಕು’ ಅಂತ ಮಂಡಳಿಯ ಒಬ್ಬಿಬ್ಬರು ಅಂದರಂತೆ. ಅವನಿಗೇ ಬಿಡೋದು ಅಂದರೆ ಇಡೀ ಊರಿನ ಭಾರ ಇಪ್ಪತ್ನಾಲ್ಕು ವರ್ಷದ ಒಬ್ಬ ಹುಡುಗನ ಹೆಗಲಿಗೆ ಹೊರಿಸೋದು. ನಾಳೆ ಯಾರೋ ಬಂದು ಕಾಲೋನಿಯವರಿಗೆ ಮಾಡಿದರೆ ನಾವು ಬರೋಲ್ಲ ಅಂದರೆ, ಕಂತು ಕಟ್ಟಬೇಕಾದ ಅವನು ಏನಂತ ಉತ್ತರ ಕೊಡಬೇಕು? ಬಾಡಿಗೆ ಕರಾರಿನಲ್ಲೇ ‘ಬಂದವರಿಗೆಲ್ಲ ಸರದಿ ಪ್ರಕಾರ, ಅದೇ ಕುರ್ಚಿಯಲ್ಲಿ, ಅದೇ ದರದಲ್ಲಿ ಕೆಲಸ ಮಾಡತಕ್ಕದ್ದು’ ಅಂತ ಸಂಘ ಒಂದು ಸಾಲು ಬರೆದರೆ, ಅವನು ಕರಾರು ತೋರಿಸಿ ಪಾರಾಗ್ತಾನೆ. ಜಗಳ ಆದರೆ ಸಂಘದ ಜೊತೆ ಆಗಲಿ. ಈ ಸಂಘದಲ್ಲಿ ಕಾಲೋನಿಯವರ ಷೇರೂ ಇದೆ, ಆ ಮಳಿಗೆಯ ಇಟ್ಟಿಗೆಯಲ್ಲಿ ಅವರ ದುಡ್ಡೂ ಇದೆ.

ಮುಂದಿನ ತಿಂಗಳ ಮಂಡಳಿ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸೋದಾಗಿ ಅಧ್ಯಕ್ಷರು ಈಗ ಇಲ್ಲೇ ನಮ್ಮ ಕಿವಿಯಲ್ಲಿ ಹೇಳಿದರು. ಮೈಕಿನಲ್ಲಿ ಹೇಳಿಬಿಡೋಣ ಅಂತ ನಾವೇ ಹೇಳ್ತಿದ್ದೇವೆ. ಅಂಗಡಿ ತೆರೆದ ದಿನ ಒಂದು ಕುರ್ಚಿಗೆ ನಮ್ಮ ತಲೆ ಸಿದ್ಧ, ಉಳಿದಿರೋ ಕೂದಲಿಗೆ ಐದು ನಿಮಿಷ ಸಾಕು. ಪಕ್ಕದ ಕುರ್ಚಿಗೆ ಕಾಲೋನಿಯಿಂದ ಯಾರು ಬರ್ತೀರಿ ಅನ್ನೋದನ್ನು ಇವತ್ತೇ ಕಾರ್ಯದರ್ಶಿಗಳ ಹತ್ತಿರ ಬರೆಸಿ ಹೋಗಿ.