ಮಕ್ಕಳ ಪುಸ್ತಕದಲ್ಲಿ ಚಿತ್ರ ಹುಟ್ಟುವ ಬಗೆ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)

 

ಮನೆಯಲ್ಲಿ ಉರ್ದು ಆಡುವ ಮಗು ಒಂದನೆಯ ತರಗತಿಗೆ ಬಂದು ಕನ್ನಡ ಪುಸ್ತಕ ತೆರೆದಾಗ ಅದು ಮೊದಲು ಓದುವುದು ಅಕ್ಷರವನ್ನಲ್ಲ, ಚಿತ್ರವನ್ನು. ಮಾವಿನ ಹಣ್ಣಿನ ಚಿತ್ರಕ್ಕೆ ಯಾವ ಲಿಪಿಯೂ ಬೇಕಿಲ್ಲ. ಆದರೂ ಚಿತ್ರವೆಂದರೆ ಪುಸ್ತಕದ ಅಲಂಕಾರ ಎಂಬ ಭಾವನೆ ನಮ್ಮಲ್ಲಿದೆ. "ಚಿತ್ರ ನೋಡಿದ್ದು ಸಾಕು, ಓದು" ಎಂದು ಮಕ್ಕಳನ್ನು ಗದರುವುದುಂಟು. ಒಳ್ಳೆಯ ಚಿತ್ರಪುಸ್ತಕದಲ್ಲಿ ಚಿತ್ರ ನೋಡುವುದೂ ಓದೇ ಆಗಿದೆ. ಅಂಥ ಚಿತ್ರಗಳು ಹೇಗೆ ಹುಟ್ಟುತ್ತವೆ ಎಂಬುದನ್ನು ಎರಡು ಉದಾಹರಣೆಗಳೊಂದಿಗೆ ಹೇಳಬಯಸುತ್ತೇನೆ.

ಅಮೆರಿಕದ ಚಿತ್ರಕಾರ ಎರಿಕ್ ಕಾರ್ಲ್ ಒಂದು ದಿನ ಕಾಗದಗಳ ಕಟ್ಟಿಗೆ ಪಂಚಿಂಗ್ ಯಂತ್ರದಿಂದ ತೂತು ಹಾಕುತ್ತಿದ್ದರು. ಆ ತೂತುಗಳನ್ನು ನೋಡಿ ಅವರಿಗೆ ಪುಸ್ತಕ ಕೊರೆಯುವ ಹುಳು ನೆನಪಾಯಿತು. ಹುಳುವಿನ ಕಥೆ ಬರೆದು ಸಂಪಾದಕಿ ಆ್ಯನ್ ಬೆನೆಡ್ಯೂಸ್ ಅವರಿಗೆ ತೋರಿಸಿದರು. ಹುಳುವಿನ ಬದಲು ಕಂಬಳಿಹುಳುವಾದರೆ ಹೇಗೆ ಎಂದು ಆಕೆ ಕೇಳಿದರು. ಕೂಡಲೇ ಕಾರ್ಲ್‌ಗೆ ಚಿಟ್ಟೆ ಹೊಳೆಯಿತು, ಕಥೆಗೊಂದು ಕೊನೆ ಸಿಕ್ಕಿತು. 1969ರಲ್ಲಿ 'ದಿ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್' ಹೊರಬಂತು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರಳೆ ಎಂದು ಹುಳು ತಿನ್ನುತ್ತಾ ಹೋದಂತೆ ಪುಟಗಳೂ ಅಗಲವಾಗುತ್ತವೆ, ಹಣ್ಣುಗಳಲ್ಲಿ ನಿಜವಾದ ತೂತುಗಳಿವೆ. ಮಗು ಬೆರಳು ತೂರಿಸುತ್ತಾ ವಾರದ ದಿನಗಳನ್ನೂ ಎಣಿಕೆಯನ್ನೂ ಕಲಿಯುತ್ತದೆ. ಕಾರ್ಲ್ ತೆಳು ಕಾಗದಗಳಿಗೆ ಬಣ್ಣ ಬಳಿದು, ಕತ್ತರಿಸಿ, ಅಂಟಿಸಿ ಚಿತ್ರ ಮಾಡುತ್ತಿದ್ದರು. ಅವರ ಮುಖ್ಯ ಸಲಕರಣೆಗಳು ಬಣ್ಣ, ಕತ್ತರಿ ಮತ್ತು ಅಂಟು. ಇವು ನಮ್ಮ ಶಾಲೆಗಳಲ್ಲೂ ಇವೆಯಲ್ಲವೇ?

ಎರಡನೆಯವರು ಮಾರಿಸ್ ಸೆಂಡಕ್. ಅವರು ಕಾಡುಕುದುರೆಗಳ ಪುಸ್ತಕ ಮಾಡಲು ಹೊರಟಿದ್ದರು. ಆದರೆ ಕುದುರೆ ಬಿಡಿಸಲು ಅವರಿಗೆ ಬರಲಿಲ್ಲ! ಬಾಲ್ಯದಲ್ಲಿ ಮನೆಗೆ ಬಂದು ಕೆನ್ನೆ ಹಿಂಡುತ್ತಿದ್ದ ಬಂಧುಗಳ ಮುಖ ನೆನೆದು ವಿಚಿತ್ರ ಪ್ರಾಣಿಗಳನ್ನು ಬಿಡಿಸಿದರು. 1963ರಲ್ಲಿ ಪ್ರಕಟವಾದ 'ವೇರ್ ದಿ ವೈಲ್ಡ್ ಥಿಂಗ್ಸ್ ಆರ್' ಹೀಗೆ ಹುಟ್ಟಿತು. ಹುಡುಗನ ಕಲ್ಪನೆ ಬೆಳೆದಂತೆ ಅದರಲ್ಲಿ ಚಿತ್ರವೂ ದೊಡ್ಡದಾಗಿ, ಕೊನೆಗೆ ಮಾತೇ ಇಲ್ಲದೆ ಎರಡೂ ಪುಟ ತುಂಬುತ್ತದೆ. "ನನಗೆ ಡ್ರಾಯಿಂಗ್ ಬರುವುದಿಲ್ಲ" ಎನ್ನುವ ವಿದ್ಯಾರ್ಥಿಗಳು ಆ ಕುದುರೆಗಳನ್ನು ನೆನಪಿಡಬೇಕು.

ಕೆಲಸದ ಕ್ರಮವನ್ನೂ ತಿಳಿಯೋಣ. ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ದೊಡ್ಡ ಹಾಳೆಯನ್ನು ಎರಡೂ ಬದಿ ಅಚ್ಚು ಮಾಡಿ ಮಡಿಚಿದಾಗ 8, 16, 32 ಎಂಬ ಲೆಕ್ಕದಲ್ಲಿ ಪುಟಗಳು ಸಿಗುವುದೇ ಇದಕ್ಕೆ ಕಾರಣ. ಚಿತ್ರಕಾರರು ಮೊದಲು ಅಂಗೈಯಗಲದ ಚೌಕಗಳಲ್ಲಿ ಇಡೀ ಕಥೆಯನ್ನು ಗೀಚಿಕೊಳ್ಳುತ್ತಾರೆ. ಬಳಿಕ ಮಾದರಿ ಪುಸ್ತಕ ಹೊಲಿದು ಪುಟ ತಿರುವಿ ನೋಡುತ್ತಾರೆ. ಮುಂದೇನು ಎಂಬ ಕುತೂಹಲ ಪುಟ ತಿರುವುವ ಜಾಗದಲ್ಲೇ ಬರಬೇಕು. ಮುಖ್ಯ ಮುಖ ನಡುವಿನ ಮಡಿಕೆಯಲ್ಲಿ ಸಿಕ್ಕಿಕೊಳ್ಳಬಾರದು. ಮೊದಲ ಪುಟದ ಹುಡುಗಿಯನ್ನು ಕೊನೆಯ ಪುಟದಲ್ಲೂ ಮಗು ಗುರುತಿಸಬೇಕು. "ಬೆಕ್ಕು ಮರ ಹತ್ತಿತು" ಎಂದು ಮಾತು ಹೇಳಿದರೆ, ಏಕೆ ಹತ್ತಿತು ಎಂಬುದನ್ನು ಚಿತ್ರ ತೋರಿಸಬೇಕು. ಮಾತು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಮಗುವಿಗೆ ಹುಡುಕಲು ಏನೂ ಉಳಿಯುವುದಿಲ್ಲ.

ಎರಡು ಭಾಷೆ ಕಲಿಸುವವರಿಗೆ ಇಲ್ಲಿ ಇನ್ನೊಂದು ವಿಷಯವಿದೆ. ಕನ್ನಡ ಪುಸ್ತಕ ಎಡದಿಂದ ಬಲಕ್ಕೆ ಸಾಗುತ್ತದೆ, ಉರ್ದು ಬಲದಿಂದ ಎಡಕ್ಕೆ. ಕನ್ನಡ ಪುಸ್ತಕದಲ್ಲಿ ಶಾಲೆಯ ಕಡೆ ಹೊರಟ ಹುಡುಗ, ಅದೇ ಚಿತ್ರವನ್ನು ಉರ್ದುವಿನಲ್ಲಿ ಹಾಕಿದರೆ ಬಂದ ದಾರಿಗೆ ಹಿಂತಿರುಗಿದಂತೆ ಕಾಣುತ್ತಾನೆ. ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದರೆ ಬಲಗೈಯಲ್ಲಿ ಉಣ್ಣುತ್ತಿದ್ದ ನಾನಿ ಎಡಗೈಯಲ್ಲಿ ಉಣ್ಣುತ್ತಾರೆ, ಅಂಗಡಿ ಬೋರ್ಡಿನ ಅಕ್ಷರ ತಿರುಗುಮುರುಗಾಗುತ್ತದೆ. ಹಾಗಾಗಿ ಎರಡೂ ಭಾಷೆಗೆ ಬೇಕಾದ ಪುಸ್ತಕವನ್ನು ಮೊದಲ ಗೆರೆಯಿಂದಲೇ ಎರಡೂ ದಿಕ್ಕನ್ನು ಯೋಚಿಸಿ ಬಿಡಿಸಬೇಕು. ಇದನ್ನು ಎರಡೂ ಲಿಪಿ ಬಲ್ಲ ನಮ್ಮ ಮಕ್ಕಳಷ್ಟು ಚೆನ್ನಾಗಿ ಬೇರೆ ಯಾರು ತಿಳಿದಾರು?

ಸಂಘದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಬಹುಮಾನವಾಗಿ ಲೋಟ, ತಟ್ಟೆ ಕೊಡುವ ಬದಲು ಚಿತ್ರಪುಸ್ತಕ ಕೊಡಿ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡ, ಉರ್ದು ಎರಡರಲ್ಲೂ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಅವನ್ನು ತರಗತಿಗೆ ತನ್ನಿ. ವಿದ್ಯಾರ್ಥಿಗಳೇ, ಎಂಟು ಬಿಳಿ ಹಾಳೆಗಳನ್ನು ನಡುವೆ ಮಡಿಚಿ ಹೊಲಿಯಿರಿ, 32 ಪುಟವಾಗುತ್ತದೆ. ನಿಮ್ಮ ಓಣಿಯ ಬೇಕರಿ, ಗ್ಯಾರೇಜು, ಅಮ್ಮಿಯ ಹೊಲಿಗೆ ಯಂತ್ರ ಇವು ಇನ್ನೂ ಎಷ್ಟೋ ಪುಸ್ತಕಗಳಿಗೆ ಬಂದಿಲ್ಲ. ತನ್ನ ಮನೆಯಂಥ ಮನೆಯನ್ನು ಪುಸ್ತಕದಲ್ಲಿ ಕಂಡ ಮಗುವಿಗೆ ಶಾಲೆ ಪರರ ಜಾಗವೆನಿಸುವುದಿಲ್ಲ. ಆ ಮನೆಯನ್ನು ನೀವು ಬಿಡಿಸಿರಿ.