ಡ್ರೈವರನ್ನು ಬೈಯುವ ಮೊದಲು

‘ಪ್ರಿಂಟರ್ ಸಿಕ್ಕಿಸಿದ್ದೇನೆ, ಕಂಪ್ಯೂಟರ್ ಉಸಿರೇ ಎತ್ತುತ್ತಿಲ್ಲ. ಯಾವ ಡ್ರೈವರ್ ಹಾಕಲಿ?’ ನನಗೆ ಬರುವ ಪತ್ರಗಳಲ್ಲಿ ಇದೇ ಪ್ರಶ್ನೆ ಮತ್ತೆ ಮತ್ತೆ. ಡ್ರೈವರ್ ಹಾಕಿದರೆ ಅದು ಹೋಗಿ ಯಂತ್ರವನ್ನು ಹುಡುಕಿ ತರುತ್ತದೆ ಎಂದು ನಂಬಿದವರು ಬಹಳ. ಹಳೆಯ ಐಎಸ್ಎ ಕಾರ್ಡುಗಳ ಕಾಲದಲ್ಲಿ ಡ್ರೈವರ್‌ಗಳು ಹಾಗೆ ತಡಕಾಡುತ್ತಿದ್ದದ್ದು ನಿಜ. ಯುಎಸ್‌ಬಿಯಲ್ಲಿ ಆ ಕಷ್ಟವಿಲ್ಲ.

ಸಾಮಾನ್ಯ ಯುಎಸ್‌ಬಿ 2.0 ತೆಗೆದುಕೊಳ್ಳಿ. ಕೇಬಲ್ ಕೂಡಿದೊಡನೆ ಸಾಧನದೊಳಗಿನ 1.5 ಕಿಲೋಓಮ್ ರೆಸಿಸ್ಟರ್ ಎರಡು ಡೇಟಾ ತಂತಿಗಳಲ್ಲಿ ಒಂದರ ವೋಲ್ಟೇಜನ್ನು ಏರಿಸುತ್ತದೆ. ಅದೇ ಬಾಗಿಲು ತಟ್ಟಿದ ಸದ್ದು. ಕಂಪ್ಯೂಟರ್ ಸಾಧನವನ್ನು ರೀಸೆಟ್ ಮಾಡಿ, 1ರಿಂದ 127ರೊಳಗೆ ಒಂದು ವಿಳಾಸ ಕೊಟ್ಟು, ‘ನೀನು ಯಾರಪ್ಪಾ?’ ಎಂದು ವಿಚಾರಿಸುತ್ತದೆ. ಬರುವ ಉತ್ತರ 18 ಬೈಟ್. ಅದರಲ್ಲಿ ಎರಡು ಸಂಖ್ಯೆ ಮುಖ್ಯ: ತಯಾರಕರದು ಒಂದು, ಮಾದರಿಯದು ಇನ್ನೊಂದು.

ಇಲ್ಲಿಯವರೆಗೆ ಆ ಪ್ರಿಂಟರಿನ ಡ್ರೈವರಿಗೆ ಕೆಲಸವೇ ಇಲ್ಲ, ಗಮನಿಸಿ. ಲಿನಕ್ಸ್‌ನಲ್ಲಿ ಪ್ರತಿ ಡ್ರೈವರೂ ‘ಈ ಸಂಖ್ಯೆಯವರು ಬಂದರೆ ನನಗೆ ಹೇಳಿ’ ಎಂದು ಪಟ್ಟಿ ಕೊಟ್ಟು ನೋಂದಾಯಿಸಿಕೊಂಡಿರುತ್ತದೆ. ಜಾತಕ ಕೂಡಿಸುವುದು ಕರ್ನೆಲ್, ಅಂದರೆ ವ್ಯವಸ್ಥೆಯ ತಿರುಳು. ಕೂಡಿದರೆ ಡ್ರೈವರಿನ ‘ಪ್ರೋಬ್’ ಎಂಬ ಭಾಗವನ್ನು ಕರೆಯುತ್ತದೆ. ಅದು ಸೊನ್ನೆ ಹಿಂತಿರುಗಿಸಿದರೆ ಒಪ್ಪಿಗೆ. ದೋಷಸಂಖ್ಯೆ ಬಂದರೆ ಸಂಬಂಧ ಮುರಿಯಿತು. ಪೆನ್‌ಡ್ರೈವ್, ಮೌಸ್‌ಗಳಿಗೆ ಸಂಖ್ಯೆ ಕೂಡಬೇಕೆಂದೂ ಇಲ್ಲ, ‘ಇಂಥ ವರ್ಗದವನು’ ಎಂದರೆ ಸಾಕು. ಅದಕ್ಕೇ ಅವಕ್ಕೆ ನೀವು ಯಾವ ಡ್ರೈವರನ್ನೂ ಹುಡುಕಿಲ್ಲ.

ಮತ್ತೆ ಹೇಳುತ್ತೇನೆ, ಬೇಸರವಾದರೂ ಕೇಳಿ: ಸಂಖ್ಯೆ ಬಾರದೆ ಜಾತಕವಿಲ್ಲ, ಜಾತಕವಿಲ್ಲದೆ ಡ್ರೈವರಿಗೆ ಕರೆಯಿಲ್ಲ. ಸಂಖ್ಯೆಯೇ ಕಾಣದಿದ್ದಾಗ ಹತ್ತು ಡ್ರೈವರ್ ಹಾಕಿದರೂ ಹತ್ತೂ ಕಾಯುತ್ತಾ ಕೂರುತ್ತವೆ. ನಾನೇ ಒಂದು ಭಾನುವಾರವಿಡೀ ಡ್ರೈವರ್ ತೆಗೆದು ಹಾಕಿ, ಹಾಕಿ ತೆಗೆದು ಸುಸ್ತಾಗಿದ್ದೆ. ಸಂಜೆ ಗೊತ್ತಾಯಿತು, ಕೈಯಲ್ಲಿದ್ದದ್ದು ಬರೀ ಚಾರ್ಜಿಂಗ್ ಕೇಬಲ್. ಒಳಗೆ ಡೇಟಾ ತಂತಿಯೇ ಇರಲಿಲ್ಲ! ಬಾಗಿಲು ತಟ್ಟುವುದು ಹೇಗೆ?

ಸಮಯ ಮುಗಿಯುತ್ತಿದೆ, ಚುಟುಕಾಗಿ ಹೇಳುತ್ತೇನೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್, ಲಿನಕ್ಸ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆದೇಶ: ಮೊದಲು ಅಲ್ಲಿ ಸಂಖ್ಯೆ ನೋಡಿ. ಕಾಣದಿದ್ದರೆ ಕೇಬಲ್ ಬದಲಿಸಿ, ಪೋರ್ಟ್ ಬದಲಿಸಿ, ಪ್ರಿಂಟರಿನ ಸ್ವಿಚ್ಚನ್ನೂ ನೋಡಿ. ಕಂಡರೆ ತಯಾರಕರ ತಾಣದಿಂದಲೇ ಡ್ರೈವರ್ ತನ್ನಿ; ‘ಎಲ್ಲ ಡ್ರೈವರೂ ಒಂದೇ ಕ್ಲಿಕ್ಕಿಗೆ’ ಎನ್ನುವ ಜಾಹೀರಾತುಗಳ ಸಹವಾಸ ಬೇಡ. ಸಂಖ್ಯೆ ಕಂಡು, ಡ್ರೈವರೂ ಒಪ್ಪಿ, ಆದರೂ ಕಾಗದ ಹೊರಬರದಿದ್ದರೆ? ಆ ಜಗಳ ಮುಂದಿನ ವಾರಕ್ಕಿರಲಿ.